ತಮ್ಮನ ಹಾಡು, ತಬಲಾದವರ ಕೈ



ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮುಂದೆ ನಿಂತವಳು ನಾನು. ಕ್ಯಾಮೆರಾದ ಪಕ್ಕದಲ್ಲಿ ನಿಲ್ಲುವ ಯೋಗವೂ ನನಗಿದೆಯೆಂಬುದು 2021ರ ಜನವರಿಯವರೆಗೆ ತಿಳಿದಿರಲಿಲ್ಲ. ನನ್ನ ತಮ್ಮನದೊಂದು ಸುಗಮ ಸಂಗೀತದ ತಂಡ. ಅವನು ಹಾರ್ಮೋನಿಯಂ ನುಡಿಸುತ್ತ ಹಾಡುತ್ತಾನೆ. ಜೊತೆಗೆ ತಬಲಾ, ಕೊಳಲು, ಮ್ಯಾಂಡೊಲಿನ್, ತಾಳ. ಗಣೇಶೋತ್ಸವ, ರಾಜ್ಯೋತ್ಸವ, ಮದುವೆಯ ಆರತಕ್ಷತೆ ಎಂದು ವರ್ಷಕ್ಕೆ ಮೂವತ್ತು ಕಾರ್ಯಕ್ರಮಗಳಾದರೂ ಆಗುತ್ತಿದ್ದವು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಿತು, ಎಲ್ಲವೂ ನಿಂತಿತು. ಆ ವರ್ಷ ನಮ್ಮ ಬೀದಿಯ ಗಣೇಶನೂ ಸದ್ದಿಲ್ಲದೆ ಬಂದು ಸದ್ದಿಲ್ಲದೆ ನೀರಿಗಿಳಿದ.

ತಂಡದ ನಾಲ್ವರಿಗೆ ಬೇರೆ ವರಮಾನವಿತ್ತು. ತಬಲಾದವರಿಗೆ ಇರಲಿಲ್ಲ. ಅರವತ್ತರ ಅಂಚಿನಲ್ಲಿದ್ದ ಅವರು ಒಂದು ಗೋದಾಮಿನಲ್ಲಿ ರಾತ್ರಿ ಕಾವಲಿಗೆ ಸೇರಿದ್ದರು. ತಬಲಾ ಜೋಡಿಗೆ ಗಿರಾಕಿ ಹುಡುಕುತ್ತಿದ್ದಾರೆಂಬ ಸುದ್ದಿ ತಮ್ಮನ ಕಿವಿಗೆ ಬಿದ್ದ ದಿನ ಅವನು ನನ್ನಲ್ಲಿಗೆ ಬಂದ. “ಒಂದು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕೋಣ ಅಕ್ಕಾ. ನಾವು ಇನ್ನೂ ಇದ್ದೀವಿ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ” ಎಂದ.

ಹಾಡಿನ ಆಯ್ಕೆಯೇ ಒಂದು ಪಾಠವಾಯಿತು. ತಂಡಕ್ಕೆ ಬರುತ್ತಿದ್ದ ಭಾವಗೀತೆಗಳಿಗೆಲ್ಲ ಕವಿಯ ಹಕ್ಕು, ರಾಗ ಸಂಯೋಜಕರ ಹಕ್ಕು ಎಂದು ಎರಡೆರಡು ಬೇಲಿ. ಕವಿ ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿ ಎಲ್ಲರ ಸೊತ್ತಾಗುತ್ತದೆ ಎನ್ನುತ್ತದೆ ನಮ್ಮ ಕಾಯಿದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ತ್ವಪದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಸಿ. ಅಶ್ವಥ್ ಅವರು ಅವುಗಳಿಗೆ ಕೂಡಿಸಿದ ಧಾಟಿಗಳ ಮಾತು ಬೇರೆ. ಅಶ್ವಥ್ ನಮ್ಮನ್ನಗಲಿದ್ದು 2009ರಲ್ಲಿ. ಆದ್ದರಿಂದ ತಮ್ಮ ಒಂದು ತತ್ತ್ವಪದವನ್ನು ಆರಿಸಿಕೊಂಡು, ತಾನೇ ಹೊಸ ಧಾಟಿ ಕೂಡಿಸಿದ. ಅಶ್ವಥ್ ಅವರ ಕಂಠ ಕಿವಿಯೊಳಗೆ ಮನೆ ಮಾಡಿರುವಾಗ ಅದು ಸುಲಭದ ಕೆಲಸವಲ್ಲ.

ಮೊದಲು ಧ್ವನಿಮುದ್ರಣ. ಮನೆಯ ಒಳಕೋಣೆಯ ಗೋಡೆಗಳಿಗೆ ಹಾಸಿಗೆ, ಕಂಬಳಿಗಳನ್ನು ತೂಗುಹಾಕಿದೆವು. ಬರಿಗೋಡೆ ಸದ್ದನ್ನು ಮರಳಿಸುತ್ತದೆ, ಹತ್ತಿ ಅದನ್ನು ನುಂಗುತ್ತದೆ. ಮಾಗಿಯ ರಾತ್ರಿಯ ತಂಪಿಗೆ ತಬಲಾದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತಿತ್ತು. ತಬಲಾದವರು ಪುಟ್ಟ ಸುತ್ತಿಗೆಯಿಂದ ಮತ್ತೆ ಮತ್ತೆ ತಟ್ಟಿ ಅದನ್ನು ಹಾರ್ಮೋನಿಯಂಗೆ ಸೇರಿಸಿದರು. ಅಂದು ಅವರು ಕಾವಲಿಗೆ ರಜೆ ಹಾಕಿ, ಒಂದು ದಿನದ ಸಂಬಳ ಬಿಟ್ಟು ಬಂದಿದ್ದರು.

ಎರಡು ದಿನದ ನಂತರ ಬೆಳಿಗ್ಗೆ, ಅಂಗಳದಲ್ಲಿ ಚಿತ್ರೀಕರಣ. ಮುದ್ರಿಸಿದ ಹಾಡನ್ನು ಸ್ಪೀಕರಿನಲ್ಲಿ ಹಾಕುವುದು, ಅದಕ್ಕೆ ಸರಿಯಾಗಿ ಎಲ್ಲರೂ ಹಾಡಿ ನುಡಿಸುವುದು. ಚಿತ್ರ ತೆಗೆಯುವವಳು ತಮ್ಮನ ಮಗಳು, ಅವಳ ಮೊಬೈಲಿನಲ್ಲಿ. ಎಂಟು ಗಂಟೆಯ ಎಳೆಬಿಸಿಲು ಒಂದು ಕಡೆಯಿಂದ ಬೀಳುತ್ತಿತ್ತು; ನೆರಳಿನ ಕಡೆಯಲ್ಲಿ ಬಿಳಿಯ ಥರ್ಮಾಕೋಲ್ ಹಲಗೆ ಹಿಡಿದು ಮುಖಗಳಿಗೆ ಬೆಳಕು ಮರಳಿಸುವುದು ನನ್ನ ಕೆಲಸ. ಶಾಲೆಯ ವಿಜ್ಞಾನ ಪ್ರದರ್ಶನಗಳಿಗೆ ಎಷ್ಟೋ ಥರ್ಮಾಕೋಲ್ ಕತ್ತರಿಸಿದ್ದೆ. ಅದರ ಈ ಗುಣ ಆಗಲೇ ತಿಳಿದದ್ದು.

ಹುಡುಗಿ ಹಿಂದಿನ ದಿನ ನಮಗೊಂದು ವಿಡಿಯೋ ತೋರಿಸಿದ್ದಳು. ಅಮೆರಿಕದ ಓಕೆ ಗೋ ಎಂಬ ತಂಡದ್ದು, 2006ರದು. ನಾಲ್ವರು ಗಂಡಸರು ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಕುಣಿಯುತ್ತಾರೆ. ಕ್ಯಾಮೆರಾ ಅಲುಗಾಡದೆ, ಎಲ್ಲೂ ಕತ್ತರಿಸದೆ ನೋಡುತ್ತದೆ. ಕುಣಿತವನ್ನು ಹೆಣೆದವಳು ಗಾಯಕ ಡೇಮಿಯನ್ ಕುಲಾಶ್‌ನ ಅಕ್ಕ ಟ್ರಿಶ್ ಸೀ. 2007ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. “ನೋಡತ್ತೆ, ಅಲ್ಲೂ ಅಕ್ಕನೇ” ಎಂದು ಹುಡುಗಿ ನಕ್ಕಳು. ನಾವೂ ಒಂದೇ ಓಟದಲ್ಲಿ ತೆಗೆಯುವುದೆಂದು ನಿಶ್ಚಯವಾಯಿತು.

ತಕರಾರು ಹುಟ್ಟಿದ್ದು ಕ್ಯಾಮೆರಾ ಎಲ್ಲಿಂದ ಹೊರಡಬೇಕೆಂಬಲ್ಲಿ. ತಮ್ಮನಿಗೆ ಅದು ತನ್ನ ಮುಖದಲ್ಲಿ ಹೊರಟು ತನ್ನ ಮುಖದಲ್ಲೇ ನಿಲ್ಲಬೇಕು. ತಬಲಾದವರ ಕೈಯಿಂದ ಹೊರಡಲಿ ಎಂದೆ ನಾನು.

“ಹಾಡೋನು ನಾನಲ್ವೇನಕ್ಕಾ?”

“ಹೌದಪ್ಪ. ನಿನ್ನ ದನಿಯೇ ನಿನ್ನ ಗುರುತು ಹೇಳುತ್ತೆ. ಅವರ ಕೈಯ ಗುರುತು ಹೇಳೋರು ಯಾರು?”

ಅವನು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕುಳಿತ. ಆಮೇಲೆ ತಾನೇ ಎದ್ದು ಹಾರ್ಮೋನಿಯಂ ಹಿಂದಕ್ಕೆ ಸರಿಸಿ, ತಬಲಾಕ್ಕೆ ಮುಂದೆ ಜಾಗ ಮಾಡಿದ. ಅರವತ್ತು ವರ್ಷದ ಅಕ್ಕ-ತಮ್ಮಂದಿರ ನಡುವೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಹನ್ನೊಂದು ಸಲ ತೆಗೆದೆವು. ಹಾಡು ಮೊದಲೇ ಮುದ್ರಿತವಾಗಿದ್ದರಿಂದ ಸೊಪ್ಪಿನವಳ ಕೂಗಾಗಲಿ ಕುಕ್ಕರಿನ ಸೀಟಿಯಾಗಲಿ ನಮ್ಮನ್ನು ಕೆಡಿಸಲಿಲ್ಲ. ಕೆಡಿಸಿದ್ದು ನಡುವೆ ನುಗ್ಗಿದ ಬೆಕ್ಕು, ಕೊಳಲಿನವರ ನಗು. ತಬಲಾದವರು ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಕಾವಲಿನ ಖಾಕಿ ಅಂಗಿಯ ಮೇಲೆ ಶಾಲು ಹೊದ್ದಿದ್ದರು. ಒಂದು ಸಲವೂ ಅವರಿಂದಾಗಿ ನಿಲ್ಲಿಸಬೇಕಾಗಲಿಲ್ಲ. “ಬಾಯಿ ಆಡಿಸೋದು ಸುಲಭ ಟೀಚರಮ್ಮ. ಕೈ ಸುಳ್ಳು ಹೇಳಲ್ಲ, ಒಂದು ಪೆಟ್ಟು ತಪ್ಪಿದ್ರೂ ತಿಳಿದೋರಿಗೆ ಕಾಣ್ಸುತ್ತೆ” ಎಂದರು.

ನಮ್ಮ ವಿಡಿಯೋ ಲೋಕಪ್ರಸಿದ್ಧವೇನೂ ಆಗಲಿಲ್ಲ. ನೋಡಿದವರ ಸಂಖ್ಯೆ ಎರಡು ಸಾವಿರ ಮುಟ್ಟಲು ವರ್ಷವೇ ಬೇಕಾಯಿತು. ಆದರೆ ನೋಡಿದವರಲ್ಲಿ ಪಕ್ಕದ ಬಡಾವಣೆಯ ತಾಯಿಯೊಬ್ಬರಿದ್ದರು. “ಮೊದಲಿಗೆ ಕೈ ಕಾಣಿಸುತ್ತಲ್ಲ, ಅವರು ಪಾಠ ಹೇಳಿಕೊಡ್ತಾರಾ?” ಎಂದು ತಮ್ಮನಿಗೆ ಫೋನ್ ಮಾಡಿದರು. ಅವರ ಇಬ್ಬರು ಮಕ್ಕಳು ಭಾನುವಾರದ ಪಾಠಕ್ಕೆ ಸೇರಿದರು. ಬರಬರುತ್ತ ಇನ್ನೂ ಮೂವರು. ಕಾವಲಿನ ಕೆಲಸ ಬಿಡುವಷ್ಟು ಹಣ ಅದರಿಂದ ಬರಲಿಲ್ಲ. ತಬಲಾ ಮಾರಾಟವಾಗಲಿಲ್ಲ, ಅಷ್ಟು ಸಾಕಾಯಿತು.

ಮನೆಯವರು ಕೂಡಿ ತೆಗೆದ ಚಿತ್ರದಲ್ಲಿ ಬೆಳಕು ಏರುಪೇರಾಗಬಹುದು, ಅಂಚಿನಲ್ಲಿ ತೊಳೆಯುವ ಕಲ್ಲು ಇಣುಕಬಹುದು. ದುಡ್ಡು ಪಡೆದು ಬರುವ ಛಾಯಾಗ್ರಾಹಕ ಗಾಯಕನನ್ನು ನಮಗಿಂತ ಚೆನ್ನಾಗಿಯೇ ತೋರಿಸಿಯಾನು. ಆದರೆ ತಂಡದಲ್ಲಿ ಯಾರು ಯಾವ ಕಷ್ಟದಲ್ಲಿದ್ದಾರೆ, ಇಂದು ಯಾರು ಕಾಣಿಸಲೇಬೇಕು ಎಂಬುದು ಅವನಿಗೆ ತಿಳಿದಿರುವುದಿಲ್ಲ. ನಿಮ್ಮ ಮನೆಯಲ್ಲೂ ಹಾಡುವವರಿದ್ದರೆ ಒಂದು ಬೆಳಗಿನ ಬಿಸಿಲನ್ನು ಅವರಿಗಾಗಿ ಎತ್ತಿಡಿ. ಹಾಡುವವರ ಹಿಂದೆ ಕುಳಿತವರ ಕೈಗಳ ಮೇಲೂ ಆ ಬಿಸಿಲು ಸ್ವಲ್ಪ ಬೀಳಲಿ.