ಒಂದು ಡಬ್ಬ, ಎರಡು ಗಿಟಾರು, ಚಿಕ್ಕಪ್ಪನ ತಮಟೆ

ಹೋದ ವಾರ ಕಾರ್ಯಕ್ರಮ ಮುಗಿದ ಮೇಲೆ ಹಾಸ್ಟೆಲ್ ಹುಡುಗನೊಬ್ಬ ಸ್ಟೇಜ್ ಹತ್ತಿರ ಬಂದ. "ಅಣ್ಣ, ನಿಮ್ಮ ಕಾಲ ಹತ್ರ ಒಂದು ಡಬ್ಬ ಇತ್ತಲ್ಲ, ಅದನ್ನ ತುಳಿದ ತಕ್ಷಣ ಇನ್ನೊಂದು ಗಿಟಾರ್ ಕೇಳಿಸ್ತು. ಏನದು?" ಅಂದ. ವ್ಯಾನಿಗೆ ತಡ ಆಗ್ತಿತ್ತು, ಎರಡು ಮಾತಲ್ಲಿ ಹೇಳಿ ಕಳಿಸಿದೆ. ಪೂರ್ತಿ ಹೇಳಬೇಕಾದ್ದನ್ನ ಇಲ್ಲಿ ಬರೀತಿದ್ದೀನಿ. ಆ ಡಬ್ಬದ ಕತೆಯಲ್ಲಿ ನನ್ನದೊಂದು ತಪ್ಪೂ ಇದೆ, ಅದನ್ನೂ ಹೇಳ್ಕೊಬೇಕು.

ಅದರ ಹೆಸರು ಎ-ಬಿ ಪೆಡಲ್. ಅಂಗೈಯಷ್ಟು ಅಗಲದ ಪೆಟ್ಟಿಗೆ. ಎರಡು ಗಿಟಾರಿನ ವೈರು ಒಳಗೆ ಹೋಗುತ್ತೆ, ಒಂದೇ ವೈರು ಹೊರಗೆ ಬರುತ್ತೆ. ಮೇಲೊಂದು ಕಾಲಲ್ಲಿ ಒತ್ತೋ ಸ್ವಿಚ್ಚು. ಒತ್ತಿದರೆ ಮೊದಲನೇ ಗಿಟಾರ್ ಬಾಯಿ ಮುಚ್ಚುತ್ತೆ, ಎರಡನೇದು ತೆರೆಯುತ್ತೆ. ಇನ್ನೊಂದು ಸಲ ಒತ್ತಿದರೆ ಉಲ್ಟಾ. ಸಾದಾ ಪೆಡಲ್ ಆದರೆ ಬ್ಯಾಟರಿಯೂ ಬೇಡ. ಯಾವುದು ಚಾಲೂ ಇದೆ ಅಂತ ತೋರಿಸೋ ಪುಟ್ಟ ದೀಪ ಬೇಕು ಅಂದರೆ ಮಾತ್ರ ಕರೆಂಟು.

ಎರಡು ಗಿಟಾರ್ ಯಾಕೆ? ನಮ್ಮ ತಂಡದಲ್ಲಿ ಹಾಡೋರು ಇಬ್ಬರು. ಹುಡುಗನ ದನಿ ಎತ್ತರದ್ದು, ಅಕ್ಕನ ದನಿ ತಗ್ಗಿನದು. ಅಕ್ಕ ಹಾಡುವಾಗ ಶ್ರುತಿ ಇಳಿಸಬೇಕು. ಕೇಪೋ ಹಾಕಿ ಶ್ರುತಿ ಏರಿಸಬಹುದು, ಇಳಿಸೋಕೆ ಆಗಲ್ಲ. ಬೇರೆ ಕಾರ್ಡ್ ಹಿಡಿದು ನುಡಿಸಬಹುದು ನಿಜ, ಆದರೆ ದಪ್ಪ ತಂತಿಯನ್ನ ಖಾಲಿ ಬಿಟ್ಟು ಮೀಟಿದಾಗ ಬರೋ ಆ ಗುಂಯ್ ಅನ್ನೋ ನಾದ ಸಿಗಲ್ಲ. ಹಾಡಿನ ಮಧ್ಯೆ ಆರೂ ತಂತಿ ಇಳಿಸ್ತಾ ಕೂತರೆ ಜನ ಎದ್ದು ಟೀ ಕುಡಿಯೋಕೆ ಹೋಗ್ತಾರೆ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಗಿಟಾರ್ ಇನ್ನೊಂದು ತಗೊಂಡೆ, ಆರೂ ತಂತಿ ಒಂದು ಸ್ವರ ಇಳಿಸಿ ಇಟ್ಟೆ.

ಡಬ್ಬ ಬರೋ ಮುಂಚೆ ಒಂದು ಗಿಟಾರಿನಿಂದ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಿದ್ದೆ. ಸ್ಪೀಕರಲ್ಲಿ ಢಬ್ ಅಂತ ಸದ್ದು. ಸೌಂಡ್ ಸಿಸ್ಟಂನವನು ಬೈದ. "ಸಾರ್, ಎರಡಕ್ಕೂ ಬೇರೆ ಬೇರೆ ಚಾನೆಲ್ ಕೊಡ್ತೀನಿ, ಕೀಳಬೇಡಿ" ಅಂದ. ನನಗೂ ಖುಷಿ ಆಯ್ತು.

ಈಗ ಲೆಕ್ಕ ನೋಡಿ. ನಮಗೆ ಸಿಗೋ ಬಾಡಿಗೆ ಮಿಕ್ಸರಿಗೆ 6 ಚಾನೆಲ್. ಹಾಡೋರಿಗೆ 2, ಭಾಷಣಕ್ಕೆ 1, ಕೀಬೋರ್ಡಿಗೆ 1, ನನ್ನ ಗಿಟಾರುಗಳಿಗೆ 2. ಮುಗೀತು. ತಮಟೆಗೆ?

"ತಮಟೆಗೆ ಮೈಕ್ ಯಾಕ್ ಸಾರ್, ಅದು ಹಂಗೇ ಕೇಳುತ್ತೆ" ಅಂದ ಅವನು. ಈ ಮಾತಿಗೆ ಅವನ ಮೇಲೆ ಹರಿಹಾಯೋದು ಸುಲಭ. ಆದರೆ ನಿಜ ಹೇಳ್ತೀನಿ ಗೆಳೆಯರೇ, ಆವತ್ತು ನಾನೂ ಹೌದು ಅಂತ ತಲೆಯಾಡಿಸಿದೆ. ಮೂರು ವರ್ಷ ತಲೆಯಾಡಿಸ್ತಾನೇ ಇದ್ದೆ.

ನಮ್ಮ ತಂಡದಲ್ಲಿ ತಮಟೆ ಬಾರಿಸೋದು ನನ್ನ ಚಿಕ್ಕಪ್ಪ. ನಮ್ಮಪ್ಪನೂ ಬಾರಿಸ್ತಿದ್ದರು. ಊರಿನ ಸಾವಿಗೆ ಹೋಗಬೇಕು, ಜಾತ್ರೆಗೆ ಹೋಗಬೇಕು, ತೇರಿನ ಮುಂದೆ ಬಡೀಬೇಕು, ಆದರೆ ಗುಡಿ ಒಳಗೆ ಹೋಗಂಗಿಲ್ಲ. ಒಂದು ದಿನ ಅಪ್ಪ ತಮಟೆ ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸ್ವಾಭಿಮಾನದ ಮಾತಾಡಿದ ದಾರಿ ಅದು, ಅದಕ್ಕೆ ನಾನು ಕೈ ಮುಗೀತೀನಿ. ಚಿಕ್ಕಪ್ಪನೂ ಊರಿನ ಚಾಕರಿ ಬಿಟ್ಟ, ಆದರೆ ತಮಟೆ ಬಿಡಲಿಲ್ಲ. "ಚಾಕರಿ ಅವರದು, ತಮಟೆ ನಮ್ದು ಕಣೋ" ಅಂದ. ಇವರಿಬ್ಬರಲ್ಲಿ ಯಾರು ಸರಿ ಅಂತ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

ಒಂದು ಸಲ ಕಾರ್ಯಕ್ರಮದ ರೆಕಾರ್ಡಿಂಗನ್ನ ಸೌಂಡಿನವನು ನೇರ ಮಿಕ್ಸರಿನಿಂದಲೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಫೋನಿಗೆ ಹಾಕಿ ಚಿಕ್ಕಪ್ಪನಿಗೆ ಕೇಳಿಸಿದೆ. ಅಕ್ಕನ ದನಿ ಇತ್ತು, ನನ್ನ ಎರಡೂ ಗಿಟಾರ್ ಇದ್ದವು, ಅಧ್ಯಕ್ಷರ ಕೆಮ್ಮೂ ಇತ್ತು. ಚಿಕ್ಕಪ್ಪ ಎರಡು ಹಾಡು ಕೇಳಿ, ಫೋನ್ ವಾಪಸ್ ಕೊಟ್ಟು ಕೇಳಿದ: "ಆವತ್ತು ನಾನು ಬಂದಿರಲಿಲ್ವೇನೋ?"

ಮೈಕಿಗೆ ಸಿಕ್ಕಿದ್ದು ಮಾತ್ರ ಮಿಕ್ಸರಿಗೆ ಹೋಗುತ್ತೆ. ಮಿಕ್ಸರಿಗೆ ಹೋಗಿದ್ದು ಮಾತ್ರ ರೆಕಾರ್ಡಿಂಗಲ್ಲಿ ಇರುತ್ತೆ. ಬಯಲಲ್ಲಿ ಎಲ್ಲರ ಎದೆಗೂ ಬಡಿದ ಸದ್ದು ದಾಖಲೆಯಲ್ಲಿ ಇಲ್ಲವೇ ಇಲ್ಲ. "ಹಂಗೇ ಕೇಳುತ್ತೆ" ಅಂತ ಹೇಳಿ ಹೇಳಿ ನಮ್ಮವರನ್ನ ಎಲ್ಲೆಲ್ಲಿ ಹೊರಗೆ ನಿಲ್ಲಿಸಿದ್ದಾರೆ ಅಂತ ನಾವು ಭಾಷಣ ಮಾಡ್ತೀವಿ. ನಮ್ಮದೇ ಸ್ಟೇಜಿನಲ್ಲಿ ಚಿಕ್ಕಪ್ಪನ ಚಾನೆಲ್ ಮೇಲೆ ನನ್ನ ಎರಡನೇ ಗಿಟಾರ್ ಕೂತಿತ್ತು.

ಆಮೇಲೆ ಡಬ್ಬ ತಂದೆ. ಒಂದು ದಿನದ ಸೌಂಡ್ ಬಾಡಿಗೆಗಿಂತ ಅದರ ರೇಟು ಕಡಿಮೆ. ಎರಡು ಗಿಟಾರಿಗೆ ಒಂದೇ ಚಾನೆಲ್ ಸಾಕಾಯ್ತು. ಉಳಿದ ಒಂದು ಚಾನೆಲ್‌ನ ಮೈಕನ್ನ ತಮಟೆಯ ಮುಂದೆ ನಿಲ್ಲಿಸಿದೆವು. ಚಿಕ್ಕಪ್ಪ ಮೈಕ್ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಹೋದ. "ಮುಂದೆ ಬಾ ಚಿಕ್ಕಪ್ಪ, ಒಂದು ಗೇಣು ಬಿಟ್ಟು ನಿಂತ್ಕೊ" ಅಂತ ಮೂರು ಸಲ ಕರೀಬೇಕಾಯ್ತು.

ಆ ಸಲದ ಏಪ್ರಿಲ್ 14ಕ್ಕೆ ನಾನೇ ಎಡವಟ್ಟು ಮಾಡಿದೆ. ಗಾಬರಿಯಲ್ಲಿ ಪೆಡಲನ್ನ ಎರಡು ಸಲ ತುಳಿದುಬಿಟ್ಟೆ. ಕೈಯಲ್ಲಿದ್ದ ಗಿಟಾರ್ ಮೂಕ, ಸ್ಟ್ಯಾಂಡಲ್ಲಿದ್ದದ್ದು ಚಾಲೂ. ಅಕ್ಕ ಹಾಡು ನಿಲ್ಲಿಸಿಬಿಟ್ಟಳು. ಚಿಕ್ಕಪ್ಪ ನಿಲ್ಲಿಸಲಿಲ್ಲ. ನಾನು ಬಗ್ಗಿ ದೀಪ ನೋಡಿ ಸರಿಮಾಡೋ ತನಕ ತಮಟೆ ಒಂದೇ, ಸ್ಪೀಕರ್ ತುಂಬ. ಜನ ಚಪ್ಪಾಳೆಯಲ್ಲೇ ತಾಳ ಹಿಡಿದರು. ಅಕ್ಕ ಆ ತಾಳದ ಮೇಲೇ ಮತ್ತೆ ಹಾಡು ಎತ್ತಿಕೊಂಡಳು.

ಇದೇನೂ ನಾವು ಕಂಡುಹಿಡಿದದ್ದಲ್ಲ. ಎಪ್ಪತ್ತರ ದಶಕದಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳು ದಸಂಸ ಜೊತೆ ಊರೂರು ಸುತ್ತಿದಾಗಲೂ ತಮಟೆ ಜೊತೆಗಿತ್ತು. ಚೆನ್ನೈನಲ್ಲಿ 2017ರಲ್ಲಿ ಹುಟ್ಟಿದ ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಗಿಟಾರ್, ಡ್ರಮ್ಸ್ ಪಕ್ಕದಲ್ಲೇ ಪರೈ ನಿಲ್ಲಿಸಿತು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಬಂದಾಗ ನಾವೆಲ್ಲ ಪೋಸ್ಟ್ ಹಾಕಿ ಹೆಮ್ಮೆಪಟ್ಟೆವು. ಒಂದು ಮೈಕ್ ಕೊಡೋಕೆ ಮಾತ್ರ ನನಗೆ ಮೂರು ವರ್ಷ ಬೇಕಾಯ್ತು.

ತಂಡ ಕಟ್ಟಿರೋ ತಮ್ಮಂದಿರಿಗೆ, ತಂಗಿಯರಿಗೆ ನಾಲ್ಕು ಮಾತು. ಎರಡು ಗಿಟಾರಿನ ಸದ್ದನ್ನ ಮೊದಲೇ ಸಮ ಮಾಡ್ಕೊಳ್ಳಿ. ಹಂಬಕರ್ ಪಿಕಪ್ ಇರೋದು ಸಾಮಾನ್ಯವಾಗಿ ಜೋರು, ಸಿಂಗಲ್ ಕಾಯಿಲ್ ಇರೋದು ಮೆತ್ತಗೆ. ಜೋರಿನದರ ವಾಲ್ಯೂಮ್ ಇಳಿಸಿ. ಎರಡು ವೈರಿಗೂ ಬೇರೆ ಬಣ್ಣದ ಟೇಪ್ ಸುತ್ತಿ. ಕೆಳಗಿಡೋ ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ ಇಡಿ. ತಮಟೆ ಕಾಯಿಸೋಕೆ ಸ್ಟೇಜಿನ ಹಿಂದೆ ಜಾಗ ಮತ್ತು ಹೊತ್ತು ಕೊಡಿ. ನಾವು ತಂತಿ ತಿರುಪಿ ಶ್ರುತಿ ಮಾಡ್ಕೊಂಡ ಹಾಗೆ ಅವರು ಬೆಂಕಿಯಲ್ಲಿ ಚರ್ಮ ಬಿಗಿ ಮಾಡ್ಕೊಳ್ತಾರೆ, ಅದೂ ಸೌಂಡ್ ಚೆಕ್ಕೇ.

ಆಮೇಲೆ ಮಿಕ್ಸರ್ ಹತ್ತಿರ ಹೋಗಿ ಚಾನೆಲ್ ಎಣಿಸಿ. ಯಾರಿಗೆ ಎರಡು ಇದೆ, ಯಾರಿಗೆ ಒಂದೂ ಇಲ್ಲ ನೋಡಿ.

ಹೋದ ವಾರದ ರೆಕಾರ್ಡಿಂಗ್ ಚಿಕ್ಕಪ್ಪನಿಗೆ ಕೇಳಿಸಿದೆ. "ಎಡಗೈ ಏಟು ಸ್ವಲ್ಪ ಮೆತ್ತಗಾಯ್ತು, ಮೈಕ್ ಇನ್ನೂ ಹತ್ರ ಇಡು" ಅಂದ.

ಜೈಭೀಮ್.