ಗೊರೊಂಗೊರೊ ಕುಳಿಯಲ್ಲಿ ಒಂದು ದಿನ

ಬೆಳಗಿನ ಜಾವ ಐದು ಗಂಟೆಗೆ ಸ್ವೆಟರಿನ ಮೇಲೊಂದು ಶಾಲು ಹೊದ್ದು ಜೀಪು ಹತ್ತುವಾಗ ನಮ್ಮವರು, "ಆಫ್ರಿಕಾ ಅಂದ್ರೆ ಬಿಸಿಲು, ಸೆಕೆ ಅಂದಿದ್ಯಲ್ಲೇ?" ಎಂದು ಛೇಡಿಸಿದರು. ನಾನೂ ಹಾಗೆಂದೇ ತಿಳಿದಿದ್ದೆ. ಆದರೆ ಟಾಂಜಾನಿಯಾ ದೇಶದ ಗೊರೊಂಗೊರೊ ಕುಳಿಯ ಅಂಚು ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಮೇಲೆ! ಭೂಮಧ್ಯರೇಖೆ ಹತ್ತಿರವಿದ್ದರೇನು, ಬೆಳಗಿನ ಹೊತ್ತು ಅಲ್ಲಿ ಮಡಿಕೇರಿಯ ಮಳೆಗಾಲದ ಚಳಿ.

ಗುಂಪಿನಲ್ಲಿ ನಾವು ಏಳು ಜನ. ನಾನು, ನಮ್ಮವರು, ಮಗ, ಸೊಸೆ, ನನ್ನ ತಂಗಿ, ಅವಳ ಯಜಮಾನರು, ಮತ್ತೆ ಐದನೇ ತರಗತಿ ಓದುವ ಮೊಮ್ಮಗಳು ಪುಟ್ಟಿ. ತಂಗಿಯ ಯಜಮಾನರನ್ನು ಪುಟ್ಟಿ ಚಿಕ್ಕಜ್ಜ ಎನ್ನುತ್ತಾಳೆ. ಈಗ ನಮಗೆಲ್ಲರಿಗೂ ಅವರು ಚಿಕ್ಕಜ್ಜನೇ. ಅವರ ಕೊರಳಲ್ಲಿ ಹೊಸ ಕ್ಯಾಮೆರಾ, ಅದಕ್ಕೆ ಮೊಳದುದ್ದದ ಲೆನ್ಸು. ಪುಟ್ಟಿಯ ಕೈಯಲ್ಲಿ ಒಂದು ನೋಟ್‌ಬುಕ್ಕು. ಅದರ ಮೊದಲ ಪುಟದಲ್ಲಿ ಐದು ಹೆಸರು: ಸಿಂಹ, ಆನೆ, ಕಾಡೆಮ್ಮೆ, ಚಿರತೆ, ಘೇಂಡಾಮೃಗ. ಹಿಂದೆ ಬೇಟೆಗೆ ಬರುತ್ತಿದ್ದ ಬಿಳಿಯರು, ನಡೆದುಹೋಗಿ ಹೊಡೆಯಲು ಬಹಳ ಕಷ್ಟದ ಪ್ರಾಣಿಗಳೆಂದು ಈ ಐದಕ್ಕೆ 'ಬಿಗ್ ಫೈವ್' ಎಂದು ಹೆಸರಿಟ್ಟರಂತೆ. ಬಂದೂಕಿನವರ ಪಟ್ಟಿಯನ್ನು ಈಗ ಕ್ಯಾಮೆರಾದವರು ಹಿಡಿದುಕೊಂಡಿದ್ದಾರೆ. ಹಿಂದಿನ ಮೂರು ದಿನಗಳಲ್ಲಿ ತರಂಗಿರೆ ಮತ್ತು ಮನ್ಯಾರಾ ಕಾಡುಗಳಲ್ಲಿ ನಮಗೆ ನಾಲ್ಕು ಕಂಡಿದ್ದವು. ಉಳಿದದ್ದು ಘೇಂಡಾಮೃಗ ಮಾತ್ರ. ಅದಕ್ಕೆ ಇದೊಂದೇ ದಿನ, ಮರುದಿನ ನಮ್ಮ ವಿಮಾನ.

ನಮ್ಮ ಜೀಪಿನ ಡ್ರೈವರೇ ನಮಗೆ ಗೈಡ್ ಕೂಡ. ಕಿಲಿಮಂಜಾರೋ ಪರ್ವತದ ಬುಡದ ಹಳ್ಳಿಯವನು, ಮಾತು ಕಡಿಮೆ, ನಗು ಜಾಸ್ತಿ. ಅವನು ನನ್ನನ್ನು 'ಬಿಬಿ' ಎಂದೂ ನಮ್ಮವರನ್ನು 'ಬಾಬು' ಎಂದೂ ಕರೆಯುತ್ತಿದ್ದ. ಎಪ್ಪತ್ತೆರಡು ವರ್ಷದವರನ್ನು ಬಾಬು ಎನ್ನುವುದೇ ಎಂದು ಪುಟ್ಟಿಗೆ ನಗುವೋ ನಗು. ಆಮೇಲೆ ತಿಳಿಯಿತು, ಸ್ವಾಹಿಲಿ ಭಾಷೆಯಲ್ಲಿ ಬಿಬಿ ಎಂದರೆ ಅಜ್ಜಿ, ಬಾಬು ಎಂದರೆ ಅಜ್ಜ! ಗಾಡಿಗೆ ಅವರು 'ಗಾರಿ' ಎನ್ನುತ್ತಾರೆ, ಚಪಾತಿಗೆ 'ಚಪಾಟಿ'. ಹಿಂದೆ ಹಡಗು ಹತ್ತಿ ಹೋದ ನಮ್ಮ ದೇಶದವರ ಜೊತೆ ಹೋದ ಮಾತುಗಳು ಇವು. 'ಸಫಾರಿ' ಎಂಬುದೂ ಅವರ ಮಾತೇ, ಪ್ರಯಾಣ ಎಂದಷ್ಟೇ ಅದರ ಅರ್ಥ.

ಅಂಚಿಗೆ ಬಂದು ನಿಂತಾಗ ಕೆಳಗೆ ಬರೀ ಮಂಜು. ಹಾಲಿನ ಬೋಗುಣಿಯ ಅಂಚಿನಲ್ಲಿ ನಿಂತ ಇರುವೆಗಳ ಹಾಗೆ ನಾವು. ಹತ್ತು ನಿಮಿಷ ಕಳೆದು ಮಂಜು ಹರಿದಾಗ ಎಲ್ಲರ ಬಾಯಿಂದಲೂ ಒಂದೇ ಸಲ "ಅಬ್ಬಾ!" ಬಂತು. ಇಪ್ಪತ್ತು ಲಕ್ಷ ವರ್ಷಗಳಿಗೂ ಹಿಂದೆ ಇಲ್ಲೊಂದು ದೈತ್ಯ ಜ್ವಾಲಾಮುಖಿ ಇತ್ತು. ಅದು ಹೊಟ್ಟೆಯೊಳಗಿದ್ದುದನ್ನೆಲ್ಲ ಕಕ್ಕಿ, ಕಡೆಗೆ ತಾನೇ ಒಳಕ್ಕೆ ಕುಸಿಯಿತು. ಹಾಗೆ ಉಳಿದದ್ದು ಸುಮಾರು 600 ಮೀಟರ್ ಆಳದ ಈ ಕುಳಿ. ತಳದ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ನೀರು ತುಂಬಿ ಸರೋವರವಾಗದೆ, ಗೋಡೆ ಒಡೆಯದೆ ಉಳಿದಿರುವ ಇಂಥ ಕುಳಿಗಳಲ್ಲಿ ಜಗತ್ತಿಗೇ ದೊಡ್ಡದು ಇದು. ಒಳಗೆ ಹುಲ್ಲುಗಾವಲಿದೆ, ಕೆರೆಯಿದೆ, ಜೌಗಿದೆ, ಸಣ್ಣ ಕಾಡೂ ಇದೆ. ಸುತ್ತ ಗೋಡೆ ಕಟ್ಟಿ ಒಳಗೆ ಪ್ರಾಣಿಗಳನ್ನು ಬಿಟ್ಟಂತೆ ಕಾಣುತ್ತದೆ. ಜಿರಾಫೆ ಮಾತ್ರ ಕುಳಿಯೊಳಗಿಲ್ಲ. ಆ ಕಡಿದಾದ ಗೋಡೆ ಇಳಿಯುವುದು ಅದರ ಕಾಲುಗಳಿಗೆ ಕಷ್ಟ, ಇಳಿದರೂ ಅದಕ್ಕೆ ಬೇಕಾದಷ್ಟು ಮರ ಕೆಳಗಿಲ್ಲ.

ಅಂಚಿನ ರಸ್ತೆಯ ಪಕ್ಕದಲ್ಲಿ ಕಲ್ಲಿನ ಒಂದು ಪುಟ್ಟ ಗೋಪುರವಿದೆ. ಜರ್ಮನಿಯ ಪ್ರಾಣಿತಜ್ಞ ಬರ್ನ್‌ಹಾರ್ಡ್ ಗ್ಜಿಮೆಕ್ ಮತ್ತು ಅವರ ಮಗ ಮೈಕೇಲ್ ಸಮಾಧಿ ಅದು. ಪಕ್ಕದ ಸೆರೆಂಗೆಟಿ ಬಯಲಿನ ಪ್ರಾಣಿಗಳು ಎಷ್ಟಿವೆ, ಎಲ್ಲಿಂದೆಲ್ಲಿಗೆ ಹೋಗುತ್ತವೆ ಎಂದು ತಂದೆ ಮಗ ಇಬ್ಬರೂ ಪುಟ್ಟ ವಿಮಾನದಲ್ಲಿ ಹಾರಾಡಿ ಎಣಿಸುತ್ತಿದ್ದರು. ವಿಮಾನಕ್ಕೆ ಜೀಬ್ರಾದ ಪಟ್ಟೆ ಬಳಿದಿದ್ದರಂತೆ! 1959ರ ಜನವರಿಯಲ್ಲಿ ಮೈಕೇಲ್ ಒಬ್ಬನೇ ಹಾರುತ್ತಿದ್ದಾಗ ರಣಹದ್ದೊಂದು ರೆಕ್ಕೆಗೆ ಬಡಿದು ವಿಮಾನ ಬಿತ್ತು. ಆಗ ಅವನಿಗೆ 24 ವರ್ಷ. 1987ರಲ್ಲಿ ತೀರಿಕೊಂಡ ತಂದೆಯನ್ನೂ ಇಲ್ಲೇ ಮಗನ ಪಕ್ಕದಲ್ಲಿ ಮಲಗಿಸಿದ್ದಾರೆ. ನಮ್ಮವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಮಗನನ್ನು ಕಳೆದುಕೊಂಡ ಊರಿಗೆ ಆ ತಂದೆ ಮತ್ತೆ ಮತ್ತೆ ಹೇಗೆ ಬಂದರೋ ಎನ್ನಿಸಿತು ನನಗೆ.

ಇಳಿಯುವ ದಾರಿ ನಮ್ಮ ಚಾರ್ಮಾಡಿ ಘಾಟಿಯನ್ನು ನೆನಪಿಸುತ್ತದೆ. ಇಳಿಯಲು ಒಂದು ರಸ್ತೆ, ಹತ್ತಲು ಇನ್ನೊಂದು. ಕೆಳಗಿಳಿದ ಮೇಲೆ ಜೀಪಿನ ಛಾವಣಿಯನ್ನು ಮೇಲಕ್ಕೆತ್ತಿ ನಿಲ್ಲಿಸಿದರು, ನಾವು ಸೀಟಿನ ಪಕ್ಕದಲ್ಲೇ ನಿಂತು ನೋಡಬಹುದು. ಜೀಪು ಮಣ್ಣಿನ ದಾರಿ ಬಿಟ್ಟು ಹುಲ್ಲಿಗೆ ಇಳಿಯುವಂತಿಲ್ಲ. ಸಂಜೆ ಆರರೊಳಗೆ ಎಲ್ಲರೂ ಮೇಲೆ ಹತ್ತಿಬಿಡಬೇಕು.

ಫೆಬ್ರವರಿ ತಿಂಗಳು, ವೈಲ್ಡ್‌ಬೀಸ್ಟ್‌ಗಳು ಕರು ಹಾಕುವ ಕಾಲ. ದನದ ಮೈ, ಕುದುರೆಯ ಬಾಲ, ಮೇಕೆಯ ಗಡ್ಡ, ಎಲ್ಲ ಪ್ರಾಣಿ ಮಾಡಿ ಮಿಕ್ಕ ಸಾಮಾನಿನಲ್ಲಿ ಬ್ರಹ್ಮ ಇದನ್ನು ಮಾಡಿರಬೇಕು ಎಂದಳು ತಂಗಿ. ಇನ್ನೂ ಒದ್ದೆಯಾಗಿದ್ದ ಒಂದು ಕರು ಎದ್ದು ನಿಲ್ಲಲು ಒದ್ದಾಡುತ್ತಿತ್ತು. ಎದ್ದಿತು, ಬಿತ್ತು, ಮತ್ತೆ ಎದ್ದಿತು. ನಾವು ನೋಡುತ್ತಿದ್ದಂತೆಯೇ ತಾಯಿಯ ಹಿಂದೆ ಓಡತೊಡಗಿತು! ಓಡದಿದ್ದರೆ ಆಗದು, ಸ್ವಲ್ಪ ದೂರದಲ್ಲೇ ಕತ್ತೆಕಿರುಬಗಳು ಕೂತಿದ್ದವು. ಕತ್ತೆಕಿರುಬ ಎಂದರೆ ಸಿಂಹ ತಿಂದು ಬಿಟ್ಟದ್ದನ್ನು ನೆಕ್ಕುವ ಪ್ರಾಣಿ ಎಂದು ನಾವೆಲ್ಲ ಓದಿದ್ದೇವೆ. ಆದರೆ 1960ರ ದಶಕದಲ್ಲಿ ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ ಇದೇ ಕುಳಿಯಲ್ಲಿ ರಾತ್ರಿಯೆಲ್ಲ ಕಾದು ನೋಡಿದಾಗ ಕಂಡದ್ದು ಬೇರೆಯೇ. ಕತ್ತೆಕಿರುಬಗಳು ತಾವೇ ಗುಂಪುಕಟ್ಟಿ ಬೇಟೆಯಾಡುತ್ತಿದ್ದವು, ಎಷ್ಟೋ ಸಲ ಅದನ್ನು ಕಿತ್ತುಕೊಂಡು ತಿನ್ನುತ್ತಿದ್ದುದು ಸಿಂಹ. ಬೆಳಿಗ್ಗೆ ಬಂದವರು ಸಿಂಹದ ಬಾಯಲ್ಲಿ ಮಾಂಸ, ಸುತ್ತ ಕಾಯುವ ಕತ್ತೆಕಿರುಬಗಳನ್ನು ನೋಡಿ ಕಳ್ಳತನದ ಆರೋಪವನ್ನು ತಲೆಕೆಳಗು ಮಾಡಿಬಿಟ್ಟಿದ್ದರು. ಪುಟ್ಟಿ ಇದನ್ನು ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು ಬರೆದುಕೊಂಡಳು. ವಿಜ್ಞಾನದ ಮೇಷ್ಟ್ರಿಗೆ ಹೇಳಬೇಕಂತೆ.

ಊಟಕ್ಕೆ ನಿಲ್ಲಿಸಿದ್ದು ನೀರುಕುದುರೆಗಳಿದ್ದ ಒಂದು ಕೊಳದ ಪಕ್ಕ. ಜೀಪಿನಿಂದ ಇಳಿಯಲು ಅನುಮತಿಯಿರುವ ಕೆಲವೇ ಜಾಗಗಳಲ್ಲಿ ಅದೊಂದು. "ತಿಂಡಿಯನ್ನು ಒಳಗೇ ಕೂತು ತಿನ್ನಿ" ಎಂದು ಡ್ರೈವರ್ ಹೇಳಿದ್ದ. ಚಿಕ್ಕಜ್ಜ ಕೇಳಬೇಕಲ್ಲ! ಊರಿಂದ ತಂದಿದ್ದ ಕೋಡುಬಳೆ ಹಿಡಿದು ಹೊರಗೆ ನಿಂತರು. ಸುಂಯ್ ಎಂದು ಗಾಳಿ ಬೀಸಿದಂತಾಯಿತು ಅಷ್ಟೇ. ಹದ್ದೊಂದು ಕೋಡುಬಳೆ ಹಾರಿಸಿಕೊಂಡು ಹೋಗಿಯಾಗಿತ್ತು. ಉಗುರು ತಾಗಿ ಬೆರಳಿನಲ್ಲಿ ಒಂದು ಹನಿ ರಕ್ತ. "ಪಾಪ, ಅದಕ್ಕೆ ಖಾರ ಆಗಿರುತ್ತೆ" ಎಂದು ಪುಟ್ಟಿ ಮರುಗಿದ್ದು ಹದ್ದಿಗೆ.

ಮೂರು ಗಂಟೆಯ ಸುಮಾರಿಗೆ ಡ್ರೈವರಿನ ರೇಡಿಯೋ ಗೊರಗುಟ್ಟಿತು. 'ಫಾರು' ಎಂಬ ಒಂದು ಮಾತು ಮಾತ್ರ ನಮಗೆ ತಿಳಿಯಿತು. ಘೇಂಡಾಮೃಗ! ಪುಟ್ಟಿ ಸೀಟಿನ ಮೇಲೆ ಹತ್ತಿಯೇ ಬಿಟ್ಟಳು.

ಇಲ್ಲಿರುವುದು ಕಪ್ಪು ಘೇಂಡಾಮೃಗ. ಹೆಸರಿಗೆ ಕಪ್ಪು, ನೋಡಲು ಬೂದಿ ಬಣ್ಣ, ಕೊಂಬು ಎರಡು. 1960ರ ದಶಕದ ನಡುವಿನಲ್ಲಿ ಎಣಿಸಿದಾಗ ಕುಳಿ ಮತ್ತು ಸುತ್ತಮುತ್ತ 108 ಇದ್ದವು. 1995ರ ಹೊತ್ತಿಗೆ ಉಳಿದದ್ದು ಹದಿನಾಲ್ಕಕ್ಕಿಂತ ಹೆಚ್ಚಿರಲಿಲ್ಲ. ಉಳಿದವುಗಳನ್ನು ಕೊಂದದ್ದು ಕೊಂಬಿನ ಆಸೆಗೆ. ಆ ಕೊಂಬಾದರೂ ಏನು? ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆದದ್ದು! ಆಮೇಲೆ ಕಾವಲು ಬಿಗಿಯಾಗಿ ಸಂಖ್ಯೆ ನಿಧಾನವಾಗಿ ಏರಿದೆ. ನಿಧಾನವಾಗಿಯೇ ಏರಬೇಕು, ಅದು ಮರಿಯನ್ನು ಹದಿನೈದು ತಿಂಗಳು ಹೊರುತ್ತದೆ, ಒಂದು ಸಲಕ್ಕೆ ಒಂದೇ ಮರಿ.

ನಾವು ತಲುಪುವಾಗ ದಾರಿಯುದ್ದಕ್ಕೂ ಹದಿನಾಲ್ಕು ಜೀಪುಗಳು ಜಾತ್ರೆಯ ಗಾಡಿಗಳಂತೆ ಸಾಲುಗಟ್ಟಿದ್ದವು. ಹುಲ್ಲಿನಲ್ಲಿ ತಾಯಿ, ಅದರ ಬಾಲದ ಹಿಂದೆಯೇ ಮರಿ. ನಮ್ಮ ದಾರಿ ದಾಟಿ ಆಚೆಯ ಜೌಗಿಗೆ ಹೋಗುವುದು ಅವುಗಳ ಉದ್ದೇಶ ಎಂದು ನೋಡಿದರೇ ತಿಳಿಯುತ್ತಿತ್ತು. ತಾಯಿ ನಾಲ್ಕು ಹೆಜ್ಜೆ ಬಂದು ನಿಂತಿತು. ಕಿವಿ ಅತ್ತ ಇತ್ತ ತಿರುಗಿಸಿತು. ಅದಕ್ಕೆ ಕಣ್ಣು ಮಂದ, ಕಿವಿ ಮೂಗು ಚುರುಕು. ಹಿಂದೆ ಸರಿದು ಬಲಕ್ಕೆ ಹೋಯಿತು. ಜೀಪುಗಳೂ ಬಲಕ್ಕೆ ಸರಿದವು. ಎಡಕ್ಕೆ ಬಂತು, ಜೀಪುಗಳೂ ಬಂದವು. ಹೀಗೆ ಮೂರು ಸಲ.

ಡ್ರೈವರ್ ಇಂಜಿನ್ ಆರಿಸಿ ಮೆಲ್ಲಗೆ ಹೇಳಿದ, ಮಗ ನಮಗೆ ತಿಳಿಸಿದ: "ಅವಳು ದಾಟಬೇಕು. ನಾವು ಅವಳ ಬಾಗಿಲಲ್ಲಿ ನಿಂತಿದ್ದೇವೆ. ಹಿಂದಕ್ಕೆ ಹೋದರೆ ನಿಮಗೆ ಹತ್ತಿರದಿಂದ ಕಾಣಿಸುವುದಿಲ್ಲ. ನೀವು ಹೇಳಿದ ಹಾಗೆ."

"ನಾವೊಬ್ರು ಹೋದ್ರೆ ಏನಾಗುತ್ತೆ? ಇನ್ನೊಂದು ಗಾಡಿ ಬಂದು ನಿಲ್ಲುತ್ತೆ" ಎಂದರು ಚಿಕ್ಕಜ್ಜ. ಹುಲ್ಲು ಅಡ್ಡ ಬಂದು ಅವರಿಗೆ ಒಂದೂ ಒಳ್ಳೆಯ ಫೋಟೋ ಸಿಕ್ಕಿರಲಿಲ್ಲ. ನಿಜ ಹೇಳುತ್ತೇನೆ, ನನ್ನ ಮನಸ್ಸೂ ಅವರ ಕಡೆಗೇ ಇತ್ತು. ಈ ಮಂಡಿನೋವು ಹೊತ್ತುಕೊಂಡು ನಾನು ಇನ್ನೊಂದು ಸಲ ಇಲ್ಲಿಗೆ ಬರುವುದುಂಟೇ? ಸೊಸೆ ಮಾತ್ರ, "ಪಟ್ಟಿ ಪುಟ್ಟಿಯದು, ಅವಳೇ ಹೇಳ್ಲಿ" ಎಂದಳು.

ಪುಟ್ಟಿ ಬಹಳ ಹೊತ್ತು ನೋಡಿದಳು. "ಮರಿಗೆ ಬಾಯಾರಿಕೆ ಆಗಿರುತ್ತಾ?" ಎಂದು ಡ್ರೈವರನ್ನು ಕೇಳಿಸಿದಳು. ಇರಬಹುದು ಎಂದ ಅವನು. "ಹಾಗಾದ್ರೆ ಹಿಂದೆ ಹೋಗೋಣ" ಎಂದಳು. ಹೇಳುವಾಗ ಗಂಟಲು ಕಟ್ಟಿತ್ತು.

ಹಿಂದೆ ಬಂದೆವು. ಚಿಕ್ಕಜ್ಜ ಹೇಳಿದಂತೆಯೇ ಆಯಿತು, ನಮ್ಮ ಜಾಗಕ್ಕೆ ಹಸಿರು ಜೀಪೊಂದು ತಟ್ಟನೆ ನುಗ್ಗಿತು. "ನೋಡಿದ್ರಾ?" ಎಂದು ಅವರು ಕ್ಯಾಮೆರಾ ಮಡಿಲಲ್ಲಿಟ್ಟು ಕೂತರು. ಡ್ರೈವರ್ ರೇಡಿಯೋ ಎತ್ತಿಕೊಂಡ. ಸ್ವಾಹಿಲಿಯಲ್ಲಿ ಒಂದಿಷ್ಟು ನಕ್ಕ, ಒಂದಿಷ್ಟು ಬೇಡಿಕೊಂಡ, ಯಾರನ್ನೋ ಸಣ್ಣಗೆ ಗದರಿದ. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದು ಜೀಪು ಹಿಂದಕ್ಕೆ ಬಂತು, ಇನ್ನೊಂದು ಬಂತು, ಕಡೆಗೆ ಆ ಹಸಿರು ಜೀಪೂ ಸರಿಯಿತು. ಸಾಲಿನ ನಡುವೆ ನಾಲ್ಕು ಬಸ್ಸು ನಿಲ್ಲುವಷ್ಟು ಜಾಗವಾಯಿತು.

ತಾಯಿ ಬೇಗ ನಂಬಲಿಲ್ಲ. ನಿಂತಿತು, ಮೂಸಿತು. ನಂತರ ಒಮ್ಮೆಲೇ ದುಡುದುಡು ಓಡಿ ದಾರಿ ದಾಟಿತಂತೆ, ಹಿಂದೆ ಮರಿ ಬಾಲ ಎತ್ತಿಕೊಂಡು. ಅಂತೆ ಎನ್ನುತ್ತೇನೆ, ಏಕೆಂದರೆ ಇದ್ದ ಒಂದೇ ದುರ್ಬೀನು ಆಗ ಪುಟ್ಟಿಯ ಕಣ್ಣಿನಲ್ಲಿತ್ತು. ನನ್ನ ಕೈಗೆ ಬರುವಷ್ಟರಲ್ಲಿ ಬರೀ ಹುಲ್ಲು ಅಲುಗುತ್ತಿತ್ತು.

ಸಂಜೆ ಹತ್ತುವ ದಾರಿಯ ಮುಂಚೆ ಲೆರಾಯಿ ಎಂಬ ಹಳದಿ ತೊಗಟೆಯ ಮರಗಳ ಕಾಡು ಸಿಗುತ್ತದೆ. ಅಲ್ಲಿ ಒಂದು ಮುದಿ ಸಲಗ, ದಂತ ಹೆಚ್ಚುಕಡಿಮೆ ನೆಲ ಮುಟ್ಟುವಷ್ಟು ಉದ್ದ. ಆನೆಗೆ ಜೀವಮಾನದಲ್ಲಿ ಆರು ಸಲ ದವಡೆಹಲ್ಲು ಬರುತ್ತದೆ, ಆರನೆಯದೂ ಸವೆಯುತ್ತ ಬಂದಾಗ ಮೆತ್ತನೆಯ ಜೌಗಿನ ಹುಲ್ಲು ಹುಡುಕಿಕೊಂಡು ಮುದಿ ಗಂಡಾನೆಗಳು ಈ ಕುಳಿಗೆ ಬರುತ್ತವೆ. ಹಲ್ಲುಸೆಟ್ಟು ಹಾಕಿಕೊಂಡಿರುವ ನಮ್ಮವರು, "ನಮ್ಮ ಪಾರ್ಟಿ" ಎಂದು ಅದಕ್ಕೆ ಕೈ ಬೀಸಿದರು. ಚಿಕ್ಕಜ್ಜ ಕ್ಯಾಮೆರಾ ಎತ್ತಲೇ ಇಲ್ಲ.

ಎತ್ತದಿದ್ದುದಕ್ಕೆ ಕಾರಣ ತಿಳಿದದ್ದು ರಾತ್ರಿ. ಘೇಂಡಾಮೃಗ ದಾರಿ ದಾಟುವಾಗ ಅವರು ಸುಮ್ಮನೆ ಕೂತಿರಲಿಲ್ಲ, ಒಂದೇ ಒಂದು ಫೋಟೋ ಹೊಡೆದಿದ್ದರು. ಅದು ಹೇಗೆ ಬಂದಿದೆಯೋ ಎಂಬ ಭಯಕ್ಕೆ ಮತ್ತೆ ಕ್ಯಾಮೆರಾ ಮುಟ್ಟಿರಲಿಲ್ಲವಂತೆ. ಈಗ ಅದನ್ನು ಕಟ್ಟುಹಾಕಿಸಿ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಬಂದವರೆಲ್ಲ, "ಇದೇನು, ಬಂಡೆನಾ?" ಎನ್ನುತ್ತಾರೆ. ಪುಟ್ಟಿ ಅಲ್ಲಿದ್ದರೆ ಕುರ್ಚಿ ಹತ್ತಿ ಬೆರಳಿಟ್ಟು ತೋರಿಸುತ್ತಾಳೆ: "ದೊಡ್ಡ ಬಂಡೆ ಅಮ್ಮ. ಅದರ ಹಿಂದೆ ಚುಕ್ಕಿ ಇದೆಯಲ್ಲ, ಅದು ಮರಿ."