ಉಂಡದ್ದು ಕಿರ್ದಿಗೆ ಬರಲಿಲ್ಲ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮೆಲ್ಲರ ಬಾಯಲ್ಲಿ ಸಲೀಸಾಗಿ ಓಡಾಡುತ್ತದೆ. ಶಹಾಪುರ ತಾಲೂಕಿನ ಶಿರವಾಳದ ನಮ್ಮ ಮನೆಯಲ್ಲಿ ಈ ಅರಳು ಮರಳು ಒಬ್ಬ ಸೊಸೆಯ ಮಾನಕ್ಕೇ ಕುತ್ತು ತಂದಿತ್ತು.

ನಮ್ಮ ದಾದಿಗೆ ಎಂಬತ್ತು ದಾಟಿದೆ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿ ಪಲ್ಯ ಉಂಡು, ಕೈ ತೊಳೆದು ಕಟ್ಟೆಗೆ ಬಂದು ಕೂರುವರು. ಹೋಗಿ ಬರುವವರಿಗೆ, “ಮುಂಜಾನಿಂದ ಏನೂ ಉಂಡಿಲ್ರಿ, ಸೊಸಿ ಹಾಕಿಲ್ಲ” ಎನ್ನುವರು. ಜನ ನಂಬಿದರು. ಯಾಕೆ ನಂಬಬಾರದು? ಅದೇ ದಾದಿ 1972ರ ಬರಗಾಲದ ಕಥೆಯನ್ನು, ಕಲ್ಲು ಒಡೆದ ಕೆಲಸವನ್ನು, ಕೂಲಿ ಎಷ್ಟು ಸಿಕ್ಕಿತೆಂಬುದನ್ನು ಒಂದು ಮಾತು ತಪ್ಪದೆ ಹೇಳುತ್ತಾರೆ. ಐವತ್ತು ವರ್ಷದ ಹಿಂದಿನದು ನೆನಪಿರುವವರು ಅರ್ಧ ಗಂಟೆಯ ಹಿಂದಿನ ಊಟ ಮರೆಯುತ್ತಾರೆಯೇ ಎಂಬುದು ಓಣಿಯವರ ಪ್ರಶ್ನೆ. ನೆರೆಯವರು ಬಟ್ಟಲಲ್ಲಿ ಸಾರು ಕಳಿಸತೊಡಗಿದರು. ಅಮ್ಮಿ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟರು.

ಆ ಪ್ರಶ್ನೆಗೆ ಉತ್ತರ ಮಿದುಳಿನಲ್ಲಿದೆ. ಕಿವಿಯ ನೇರಕ್ಕೆ, ಎರಡೂ ಬದಿಯಲ್ಲಿ ಇರುವ ಭಾಗಕ್ಕೆ ಟೆಂಪೋರಲ್ ಲೋಬ್ ಎನ್ನುತ್ತಾರೆ. ಅದರ ಒಳಮಗ್ಗುಲಲ್ಲಿ ಸುರುಳಿಯಾಗಿ ಮಲಗಿರುವ ಸಣ್ಣ ಅಂಗ ಹಿಪೊಕ್ಯಾಂಪಸ್. ಕಡಲಕುದುರೆಯ ಆಕಾರದ್ದೆಂದು ಆ ಗ್ರೀಕ್ ಹೆಸರು. ಅಂಗಡಿಯ ಲೆಕ್ಕ ಬಲ್ಲವರಿಗೆ ಇದು ಬೇಗ ತಿಳಿದೀತು. ದಿನದ ವ್ಯವಹಾರ ಮೊದಲು ಕಿರ್ದಿಗೆ, ಆಮೇಲೆ ಖಾತೆಗೆ. ಹಿಪೊಕ್ಯಾಂಪಸ್ ನಮ್ಮ ಕಿರ್ದಿ. ಹಳೆಯ ನೆನಪುಗಳು ಕಾಲಾಂತರದಲ್ಲಿ ಮಿದುಳಿನ ಹೊರಪದರದಲ್ಲಿ ನೆಲೆಯಾಗುತ್ತವೆ. ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಈ ಕಿರ್ದಿಯ ಆಸುಪಾಸಿನಲ್ಲೇ ಮೊದಲು ಹಾನಿ ಮಾಡುತ್ತದೆ. ಹೀಗಾಗಿ ಬರಗಾಲ ಖಾತೆಯಲ್ಲಿ ಉಳಿದಿದೆ, ಮಧ್ಯಾಹ್ನದ ರೊಟ್ಟಿ ಬರೆಯಲ್ಪಟ್ಟೇ ಇಲ್ಲ. ದಾದಿ ಸುಳ್ಳು ಹೇಳುತ್ತಿಲ್ಲ. ಅಮ್ಮಿಯೂ ಉಪವಾಸ ಕೆಡವಿಲ್ಲ.

ಇದು ವೈದ್ಯರಿಗೆ ಸ್ಪಷ್ಟವಾದದ್ದು ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಂದ. ಮೂರ್ಛೆರೋಗಕ್ಕೆಂದು 1953ರಲ್ಲಿ ಅವರ ಎರಡೂ ಬದಿಯ ಈ ಭಾಗದ ಬಹುಪಾಲು ತೆಗೆದುಹಾಕಿದರು. 2008ರಲ್ಲಿ ತೀರಿಕೊಳ್ಳುವವರೆಗೂ ಅವರಲ್ಲಿ ಹೊಸ ನೆನಪು ನಿಲ್ಲಲಿಲ್ಲವೆಂದೇ ಹೇಳಬೇಕು. ಆದರೆ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಕನ್ನಡಿ ನೋಡಿ ನಕ್ಷತ್ರದ ಗೆರೆ ಎಳೆಯಲು ಹೇಳಿದಾಗ ಅವರ ಕೈ ದಿನದಿನಕ್ಕೆ ಪಳಗಿತು, ಹಿಂದಿನ ದಿನ ಎಳೆದದ್ದು ಮಾತ್ರ ನೆನಪಿರಲಿಲ್ಲ. ಮೈಗೆ ಹತ್ತಿದ ವಿದ್ಯೆಯ ಜಾಗವೇ ಬೇರೆ.

ದಾದಿಯ ನಮಾಝಿನಲ್ಲಿ ನಾವು ಇದನ್ನು ನಿತ್ಯ ನೋಡುತ್ತೇವೆ. ರುಕೂ, ಸಜ್ದಾ ಒಂದೂ ತಪ್ಪುವುದಿಲ್ಲ. ಸಲಾಂ ಹೇಳಿ ಹತ್ತು ನಿಮಿಷಕ್ಕೆ ಮತ್ತೆ ವುಝೂ ಮಾಡಿ ಅದೇ ಝುಹರ್‌ಗೆ ನಿಲ್ಲುತ್ತಾರೆ. ಕೆಲವರು ನಗುತ್ತಾರೆ, ಕೆಲವರು ಎಂಥ ಭಕ್ತಿ ಎನ್ನುತ್ತಾರೆ. ಬುದ್ಧಿ ಸ್ವಾಧೀನದಲ್ಲಿಲ್ಲದವರ ಮೇಲೆ ಕಡ್ಡಾಯದ ಹೊರೆಯಿಲ್ಲ. ಆದರೂ ನಾವು ತಡೆಯುವುದಿಲ್ಲ, ಮೊಣಕಾಲು ನೋಯದಂತೆ ದಪ್ಪ ಚಾಪೆ ಹಾಸಿದ್ದೇವೆ.

ಜಿಲ್ಲೆ ಯಾವುದೆಂದು ವೈದ್ಯರು ಕೇಳಿದಾಗ ದಾದಿ “ಗುಲಬರ್ಗಾ” ಅಂದರು. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಆದರೆ ನಮ್ಮ ಕಡೆ ನೆಟ್ಟಗಿರುವ ಮುದುಕರೂ ಹಾಗೇ ಹೇಳಿಯಾರು! ಶಾಲೆಯ ಮೆಟ್ಟಿಲು ಹತ್ತದವರಿಗೆ ತಾರೀಖು ಕೇಳಿ ಮಿದುಳು ಅಳೆಯುವುದು ಸುಲಭವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡದ್ದು ನಮ್ಮಂಥ ಊರುಗಳಿಗೂ ಒಳ್ಳೆಯ ಸುದ್ದಿ. 2023ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆಯಿದೆ. ಹೆಂಗಸರಲ್ಲಿ, ಓದದವರಲ್ಲಿ, ಹಳ್ಳಿಗರಲ್ಲಿ ಹೆಚ್ಚು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರಬಹುದು. ಅವಕ್ಕೆ ಚಿಕಿತ್ಸೆಯಿದೆ. ಗಾದೆ ಹೇಳಿ ಸುಮ್ಮನಾದರೆ ಅದೂ ತಪ್ಪಿಹೋಗುತ್ತದೆ. ಆಲ್ಝೈಮರ್ ಅನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ.

ದಾದಿಯ ಸ್ಕ್ಯಾನ್ ಫಿಲ್ಮನ್ನು ಚಾಚಾ ಓಣಿಯ ನಾಲ್ಕೈದು ಮನೆಗಳಿಗೆ ಒಯ್ದು, ಕುಗ್ಗಿದ ಜಾಗವನ್ನು ಬೆರಳಿಟ್ಟು ತೋರಿಸಿ ಬಂದರು. “ಉಂಡೀರಲ್ಲ” ಎಂದು ವಾದಿಸುವುದನ್ನು ಅಮ್ಮಿ ಬಿಟ್ಟಿದ್ದಾರೆ, ಅರ್ಧ ರೊಟ್ಟಿ ಎತ್ತಿಟ್ಟಿರುತ್ತಾರೆ. ಮೊನ್ನೆ ಬಹಳ ದಿನಗಳ ಮೇಲೆ ಶಹಾಪುರದ ಮದುವೆಗೂ ಹೋದರು. ಆ ಎರಡು ದಿನ ದಾದಿಗೆ ಉಣಿಸಿದ್ದು ಚಾಚಾ. ಎರಡನೆಯ ದಿನ ಮಧ್ಯಾಹ್ನ ಊಟ ಹಾಕಿಲ್ಲವೆಂಬ ದೂರು ಅವರ ಮೇಲೂ ಬಂತು.